ಬ್ರಿಡ್ಜು ಲೂಸಾದ ದಿನ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಮೇಸ್ತ್ರಿಯ ಫೋನು ಟಿಣ್ ಎಂದಿತು. ಅವರು ಆಗ ಬಚ್ಚಲುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಸೋರುವ ನಲ್ಲಿಗೆ ಹೊಸ ವಾಷರ್ ಹಾಕುತ್ತಿದ್ದರು. ಒದ್ದೆ ಕೈಯನ್ನು ಅಂಗಿಗೇ ಒರೆಸಿಕೊಂಡು ಕನ್ನಡಕ ಸರಿಮಾಡಿಕೊಂಡು ನೋಡಿದರು. ಗುರುತಿಲ್ಲದ ನಂಬರು, ನಾಲ್ಕು ಸಾಲು ಇಂಗ್ಲಿಷು.

ಮೇಸ್ತ್ರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎನ್ನುವ ಹಾಗಿಲ್ಲ, ಬರುತ್ತಿತ್ತು ಎನ್ನುವ ಹಾಗೂ ಇಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟವರು. ಆಮೇಲೆ ಮೂವತ್ತೈದು ವರ್ಷ ಸೇತುವೆ ಕಟ್ಟುವ ಕೆಲಸದಲ್ಲಿ ಅವರಿವರ ಬಾಯಿಂದ ಕೇಳಿ, ನಕ್ಷೆಗಳ ಮೇಲೆ ಬೆರಳಿಟ್ಟು ಓದಿ ಕಲಿತ ನೂರು ನೂರೈವತ್ತು ಪದಗಳಿದ್ದವು. ಒಂದೊಂದು ಪದಕ್ಕೂ ಕೈಯಿಂದ ಮುಟ್ಟಬಹುದಾದ ಒಂದೊಂದು ವಸ್ತು. ಬೆಡ್ ಎಂದರೆ ಪಾಯದಡಿ ಹಾಸುವ ತೆಳು ಕಾಂಕ್ರೀಟು. ಕ್ಯಾಪ್ ಎಂದರೆ ಕಂಬದ ನೆತ್ತಿಗೆ ಕೂರಿಸುವ ದಿಮ್ಮಿ. ಆ ಮೆಸೇಜಿನಲ್ಲಿದ್ದ ಪದಗಳಲ್ಲಿ ಅವರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಅದೇ ಗ್ರಹಚಾರವಾಯಿತು.

ಎಕ್ಸ್‌ರೇಯಲ್ಲಿ ಎಡಗಡೆಯ ಅಬಟ್‌ಮೆಂಟಿನಡಿ ಕ್ರ್ಯಾಕ್ ಕಂಡಿದೆ, ಬ್ರಿಡ್ಜ್ ಲೂಸಾಗಿದೆ, ಆ ಕಡೆ ಲೋಡ್ ಬೇಡ, ಸೋಮವಾರ ಹತ್ತಕ್ಕೆ ಬನ್ನಿ, ತೆಗೆಯಬೇಕಾಗಬಹುದು.

ಮೇಸ್ತ್ರಿ ಅದನ್ನು ಮೂರು ಸಲ ಓದಿದರು. ಮೂರನೆಯ ಸಲ ಒಂದೊಂದು ಪದದ ಮೇಲೂ ಬೆರಳಿಟ್ಟು ಓದಿದರು.

ಅಬಟ್‌ಮೆಂಟ್ ಎಂದರೆ ಸೇತುವೆಯ ಎರಡು ತುದಿಗಳಲ್ಲಿ ದಡಕ್ಕೆ ಆತುಕೊಂಡು ನಿಲ್ಲುವ ದಪ್ಪ ಗೋಡೆ. ಸೇತುವೆಯ ಭಾರವೆಲ್ಲ ಕೊನೆಗೆ ಅದರ ಹೆಗಲಿಗೇ. ಊರಾಚೆ ನದಿಗೆ ಅಡ್ಡಲಾಗಿ ನಿಂತಿರುವ ಕಂಬಗಳ ನಡುವೆ ಐದು ಕಣ್ಣುಗಳಿರುವ ಸೇತುವೆಯ ಎಡದಂಡೆಯ ಅಬಟ್‌ಮೆಂಟನ್ನು ಕಟ್ಟಿಸಿದ್ದು ಈ ಮೇಸ್ತ್ರಿಯೇ. ಮೂರು ತಿಂಗಳ ಹಿಂದೆ ಹಳೆಯ ಸೇತುವೆಗಳ ತಪಾಸಣೆಗೆಂದು ಬಂದಿದ್ದ ಇಂಜಿನಿಯರಮ್ಮ ಮನೆ ಹುಡುಕಿಕೊಂಡು ಬಂದು, ಒಂದು ಗಂಟೆ ಕೂತು ಪ್ರಶ್ನೆ ಕೇಳಿ, ಈಗೀಗ ಕಾಂಕ್ರೀಟಿಗೂ ಎಲುಬಿಗೆ ತೆಗೆದ ಹಾಗೆ ಎಕ್ಸ್‌ರೇ ತೆಗೆಯುತ್ತೇವೆ ಎಂದು ವಿವರಿಸಿ, ಏನಾದರೂ ಇದ್ದರೆ ತಿಳಿಸುತ್ತೇನೆ ಎಂದು ನಂಬರು ಬರೆದುಕೊಂಡು ಹೋಗಿದ್ದರು.

ಅವತ್ತು ಇಂಜಿನಿಯರಮ್ಮ ಕೇಳಿದ ಪ್ರಶ್ನೆಗಳಿಗೆಲ್ಲ ಮೇಸ್ತ್ರಿ ಉತ್ತರ ಕೊಟ್ಟಿದ್ದರು, ಒಂದನ್ನು ಬಿಟ್ಟು. "ಕಾಂಕ್ರೀಟ್ ಹಾಕುವಾಗ ಕೆಲಸ ಎಲ್ಲಾದ್ರೂ ಮಧ್ಯ ನಿಂತಿತ್ತಾ?" ಎಂದು ಕೇಳಿದಾಗ, "ಅಷ್ಟೆಲ್ಲ ನೆನಪಿಲ್ಲಮ್ಮ" ಎಂದು ಟೀ ಲೋಟದ ಕಡೆ ನೋಡಿದ್ದರು. ನೆನಪಿಲ್ಲದೆ ಏನು! ಮೂವತ್ತೊಂದು ವರ್ಷದಿಂದ ಅದೊಂದು ಮಾತ್ರ ಮರೆತಿರಲಿಲ್ಲ.

ಅವರು ಮೇಸ್ತ್ರಿಯಾಗಿ ಆಗ ಎಂಟೇ ದಿನ. ಎಡದಂಡೆಯ ಪಾಯಕ್ಕೆ ಕಾಂಕ್ರೀಟು ಸುರಿಯುವ ದಿನ ಮಧ್ಯಾಹ್ನ ಒಂದು ಗಂಟೆಗೆ ಮಿಕ್ಸರು ಕೆಮ್ಮಿ ಕೆಮ್ಮಿ ನಿಂತುಹೋಯಿತು. ಯಂತ್ರ ಕೆಟ್ಟದ್ದಲ್ಲ, ಡೀಸೆಲ್ ಮುಗಿದಿತ್ತು. ತರಿಸಿಡುವುದು ಅವರ ಜವಾಬ್ದಾರಿ, ಅವರು ಮರೆತಿದ್ದರು. ಸೈಕಲ್ಲಿನಲ್ಲಿ ಒಬ್ಬನನ್ನು ಓಡಿಸಿ ಡೀಸೆಲ್ ತರಿಸುವಷ್ಟರಲ್ಲಿ ಎರಡೂವರೆ ಗಂಟೆ ಕಳೆದು, ಹಾಕಿದ್ದ ಕಾಂಕ್ರೀಟು ಬಿಸಿಲಿಗೆ ಬಿಗಿದುಕೊಂಡಿತ್ತು. ಹಾಗಾದಾಗ ಸಾಹೇಬರಿಗೆ ತಿಳಿಸಬೇಕು, ಮೇಲ್ಮೈಯನ್ನು ಕೆತ್ತಿ ಒರಟು ಮಾಡಿ, ತೊಳೆದು, ಸಿಮೆಂಟು ನೀರು ಬಳಿದು ಮುಂದುವರಿಸಬೇಕು, ಇಲ್ಲದಿದ್ದರೆ ಹಳೆಯದೂ ಹೊಸದೂ ಕೂಡಿಕೊಳ್ಳುವುದಿಲ್ಲ. ತಿಳಿಸಿದರೆ ಡೀಸೆಲ್ಲಿನ ಮಾತು ಬರುತ್ತದೆ. ಆ ಸಾಹೇಬರ ಬಾಯಿಗೆ ಹೆದರದವರಿರಲಿಲ್ಲ. ಕೂಲಿಯವರು ಅವರಿಗೆ ಇಟ್ಟ ಹೆಸರೇ ಗುಂಡುಸೂಜಿ. ಎಂಟು ದಿನದ ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಬಿಗಿದ ಕಾಂಕ್ರೀಟಿನ ಮೇಲೆಯೇ ಹಸಿ ಕಾಂಕ್ರೀಟು ಸುರಿಸಿ, ಸಂಜೆ ರಿಜಿಸ್ಟರಿನಲ್ಲಿ ‘ಕೆಲಸ ಎಲ್ಲೂ ನಿಲ್ಲದೆ ಮುಗಿದಿದೆ’ ಎಂದು ಬರೆದು ಸಹಿ ಹಾಕಿದರು.

ಈಗ ಆ ಸಹಿ ಕರೆ ಕಳಿಸಿತ್ತು.

ಮೆಸೇಜು ಬಂದ ನಂಬರಿಗೆ ಫೋನು ಮಾಡಿದರು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಮಾಡಿದರೂ ಅಷ್ಟೇ. ಗುಂಡುಸೂಜಿ ಸಾಹೇಬರು ನಿವೃತ್ತರಾಗಿ ಇದೇ ಊರಿನಲ್ಲಿದ್ದರು. ಅವರ ಮನೆಗೆ ಮಾಡಿದಾಗ ಸೊಸೆ ಎತ್ತಿಕೊಂಡು, ಮಾವನವರು ಲೈಬ್ರರಿಗೆ ಹೋಗಿದ್ದಾರೆ ಎಂದರು.

"ಬಂದ ತಕ್ಷಣ ಹೇಳಮ್ಮ. ಎಡದಂಡೆ ಬಿರುಕು ಬಿಟ್ಟಿದೆಯಂತೆ ಅನ್ನು. ಮೇಸ್ತ್ರಿ ಅಲ್ಲಿಗೇ ಹೋದ ಅನ್ನು."

ಆಗ ಅವರಿಗೆ ಇನ್ನೊಂದು ಹೊಳೆಯಿತು. ಹೆಂಡತಿ ನಿನ್ನೆ ಸಂಜೆ ನದಿಯಾಚೆ ಇರುವ ತಂಗಿಯ ಮನೆಗೆ ಹೋಗಿದ್ದಳು. ಇವತ್ತು ಹನ್ನೆರಡರ ಬಸ್ಸಿಗೆ ವಾಪಸು ಬರುತ್ತೇನೆ ಎಂದಿದ್ದಳು. ಅವಳ ಬಳಿ ಫೋನಿಲ್ಲ. ನಾದಿನಿಗೆ ಮಾಡಿದರೆ, "ಅಕ್ಕ ಈಗ ತಾನೇ ಬಸ್‌ಸ್ಟಾಪಿಗೆ ಹೋದಳು ಭಾವ. ಹಲ್ಲು ನೋವು ಅಂತ ಏನೂ ಸರಿಯಾಗಿ ತಿನ್ನಲೂ ಇಲ್ಲ" ಎಂದಳು.

"ಹಲ್ಲು ಹಾಳಾಗಿ ಹೋಗಲಿ!" ಎಂದು ಮೇಸ್ತ್ರಿ ಫೋನು ಇಟ್ಟರು. ಬಾಗಿಲ ಹಿಂದೆ ನೇತುಹಾಕಿದ್ದ ಕೆಂಪು ಬಟ್ಟೆಯ ಚೀಲ ಕಣ್ಣಿಗೆ ಬಿತ್ತು. ಅದನ್ನು ಎಳೆದುಕೊಂಡು, ಚಪ್ಪಲಿ ಮೆಟ್ಟಿ, ನಲ್ಲಿ ತೊಟ್ಟಿಕ್ಕುವುದನ್ನು ಹಾಗೇ ಬಿಟ್ಟು ಓಡಿದರು.

ಸೇತುವೆ ತಲುಪಿದಾಗ ಹನ್ನೊಂದೂ ಮುಕ್ಕಾಲು. ಮೊದಲು ದಡ ಇಳಿದು ಅಬಟ್‌ಮೆಂಟಿನ ಬುಡಕ್ಕೆ ಹೋದರು. ಹೊರಗೆ ಏನೂ ಕಾಣಲಿಲ್ಲ. ಒಂದು ಕಲ್ಲು ತೆಗೆದುಕೊಂಡು ಕುಟ್ಟಿ ಕಿವಿಗೊಟ್ಟರು. ಮೇಲೆ ಒಂದು ಲಾರಿ ಹಾದಾಗ ಆದ ಗುಡುಗಿನಲ್ಲಿ ಕಲ್ಲಿನ ಸದ್ದು ಕೇಳಲೇ ಇಲ್ಲ. ಏದುಸಿರು ಬಿಡುತ್ತ ಮೇಲೆ ಹತ್ತಿ, ರಸ್ತೆಯ ನಟ್ಟನಡುವೆ ನಿಂತು ಕೆಂಪು ಚೀಲವನ್ನು ಬೀಸತೊಡಗಿದರು.

ಮೊದಲು ನಿಂತದ್ದು ಒಂದು ಸಿಟಿ ಬಸ್ಸು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಯಜಮಾನ್ರೇ, ಸಾಯೋಕೆ ನನ್ನ ಬಸ್ಸೇ ಬೇಕಿತ್ತಾ?"

"ನಾನು ಸಾಯೋಕೆ ಬಂದಿಲ್ಲಪ್ಪ, ನಿಮ್ಮನ್ನ ಉಳಿಸೋಕೆ ಬಂದಿದ್ದೀನಿ. ಬ್ರಿಡ್ಜ್ ಲೂಸಾಗಿದೆ. ಹಿಂದೆ ಹೋಗಿ."

"ಲೂಸಾಗಿರೋದು ಬ್ರಿಡ್ಜೋ, ನೀವೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಬಸ್ಸಿನ ಹಿಂದೆ ಕಾರು, ಕಾರಿನ ಹಿಂದೆ ಲಾರಿ, ಸಾಲು ಬೆಳೆಯಿತು. ಹಾರನ್ನುಗಳಿಂದ ಕಿವಿ ಚಿಟ್ಟು ಹಿಡಿಯುವಂತಾಯಿತು. ಐದು ನಿಮಿಷದಲ್ಲಿ ಟ್ರಾಫಿಕ್ ಪೊಲೀಸ್ ಬಂದ. ಮೇಸ್ತ್ರಿ ಫೋನು ಅವನ ಕೈಗಿಟ್ಟರು.

ಪೊಲೀಸಿನವನು ಓದಿದ. ನಗುತ್ತ ಬಂದಿದ್ದವನ ಮುಖ ಕಪ್ಪಿಟ್ಟಿತು.

"ಎಕ್ಸ್‌ರೇ ಬೇರೆ ತೆಗೆದಿದ್ದಾರೆ," ಎಂದ ಮೆಲ್ಲಗೆ.

"ಅದನ್ನೇ ನಾನು ಬಡ್ಕೊಳ್ತಿರೋದು."

"ನಿಮಗ್ಯಾಕೆ ಕಳಿಸಿದ್ದಾರೆ?"

"ಕಟ್ಟಿಸಿದ್ದು ನಾನೇ."

ಪೊಲೀಸಿನವನು ಸೀಟಿ ಊದಿ, ಬಸ್ಸನ್ನು ಹಿಂದೆ ಸರಿಸಿ, ಆಚೆ ದಡದವನಿಗೂ ವಾಕಿಟಾಕಿಯಲ್ಲಿ ಹೇಳಿ ಎರಡೂ ಕಡೆ ನಿಲ್ಲಿಸಿದ. ಮೇಲಿನವರಿಗೆ ಫೋನು ಮಾಡಿ, "ಸರ್, ಸೇತುವೆ ಎಡಗಡೆ ಬಿರುಕು, ಲಿಖಿತ ಮಾಹಿತಿ ಇದೆ ಸರ್" ಎಂದ. ಮೇಸ್ತ್ರಿಗೆ ಒಂದು ಕ್ಷಣ ಉಸಿರು ಬಂದಂತಾಯಿತು. ಹೆಂಡತಿಯ ಬಸ್ಸು ಆಚೆ ದಡದಲ್ಲೇ ನಿಂತಿರುತ್ತದೆ.

ಬಸ್ಸೇನೋ ನಿಂತಿತು. ಆದರೆ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂರುವ ಜನ ಎಲ್ಲಿದ್ದಾರೆ? ಒಬ್ಬೊಬ್ಬರೇ ಇಳಿದು, ಗಂಟುಮೂಟೆ ಹೊತ್ತು, ಸೇತುವೆಯ ಮೇಲೆ ನಡೆದೇ ಬರತೊಡಗಿದರು. ಆ ಗುಂಪಿನಲ್ಲಿ ಮೇಸ್ತ್ರಿಗೆ ಒಂದು ಪರಿಚಿತ ನಡಿಗೆ ಕಂಡಿತು. ಎಡಗೆನ್ನೆಗೆ ಕರವಸ್ತ್ರ ಒತ್ತಿಕೊಂಡು, ಯಾರನ್ನೋ ಬೈದುಕೊಳ್ಳುತ್ತ, ಬಿರಬಿರನೆ ಬರುತ್ತಿದ್ದಳು.

"ಬರಬೇಡ! ಅಲ್ಲೇ ನಿಲ್ಲು! ಹಿಂದೆ ಹೋಗೇ!" ಎಂದು ಕೂಗಿದರು. ಹಾರನ್ನುಗಳಲ್ಲಿ ಅವಳಿಗೆ ಏನು ಕೇಳಿತೋ, ತನ್ನನ್ನು ಕರೆಯುತ್ತಿದ್ದಾರೆ ಎಂದುಕೊಂಡು ಇನ್ನೂ ಬೇಗ ಬಂದಳು. ಅವಳು ಕೊನೆಯ ಕಣ್ಣು ದಾಟಿ, ಎಡದಂಡೆಯ ಮೇಲೆ ಹೆಜ್ಜೆಯಿಟ್ಟು ಮಣ್ಣು ಮುಟ್ಟುವವರೆಗೆ ಮೇಸ್ತ್ರಿ ಚೀಲ ಬೀಸುವುದನ್ನು ನಿಲ್ಲಿಸಲಿಲ್ಲ.

"ಏನ್ರೀ ಇದು? ನನ್ನ ಚೀಲ ಹಿಡ್ಕೊಂಡು ನಡುರಸ್ತೇಲಿ ಏನು ಮಾಡ್ತಿದ್ದೀರಿ?"

ಮೇಸ್ತ್ರಿ ಅವಳ ತೋಳು ಹಿಡಿದುಕೊಂಡರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಬೀದಿಯಲ್ಲಿ ಹಾಗೆ ಹಿಡಿದುಕೊಂಡದ್ದು ಅದೇ ಮೊದಲು. ಮಾತು ತಾನಾಗಿ ಹೊರಬಿತ್ತು.

"ಸೇತುವೆ ಬಿರುಕು ಬಿಟ್ಟಿದೆ ಕಣೇ. ನನ್ನಿಂದಲೇ. ಅವತ್ತು ಡೀಸೆಲ್ ತರಿಸೋದು ಮರೆತಿದ್ದೆ, ಎರಡೂವರೆ ಗಂಟೆ ಕೆಲಸ ನಿಂತಿತ್ತು. ಸಾಹೇಬರಿಗೆ ಹೇಳಲಿಲ್ಲ. ಸುಳ್ಳು ಬರೆದೆ. ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ."

ಹೆಂಡತಿ ಗಂಡನ ಮುಖವನ್ನೊಮ್ಮೆ, ಪೊಲೀಸಿನವನ ಮುಖವನ್ನೊಮ್ಮೆ ನೋಡಿದಳು.

"ಬಿರುಕು ಬಿಟ್ಟಿದೆ ಅಂತ ಯಾರು ಹೇಳಿದ್ರು?"

ಪೊಲೀಸಿನವನು ಫೋನು ಚಾಚಿ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದ. ಎಕ್ಸ್‌ರೇ ಎಂದಾಗ ಅವಳ ಹುಬ್ಬು ಮೇಲೇರಿತು. ಎಡಗಡೆ ಎಂದಾಗ ಕೈ ಕೆನ್ನೆಗೆ ಹೋಯಿತು. ಸೋಮವಾರ ಹತ್ತು ಗಂಟೆ ಎನ್ನುವಷ್ಟರಲ್ಲಿ ಪರ್ಸು ತೆರೆದು ಒಂದು ಕಾರ್ಡು ಹೊರತೆಗೆದಿದ್ದಳು.

"ನಂಬರ್ ಓದಿ ನೋಡೋಣ."

ಪೊಲೀಸಿನವನು ಓದಿದ. ಅವಳು ಕಾರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಹೊಂದಿಸಿದಳು. ಹತ್ತಕ್ಕೆ ಹತ್ತೂ ಹೊಂದಿದವು.

"ಇದು ನನ್ನ ಹಲ್ಲಿನ ಡಾಕ್ಟರಮ್ಮನ ಮೆಸೇಜು ಕಣ್ರೀ! ನಿನ್ನೆ ಎಕ್ಸ್‌ರೇ ತೆಗೆದ್ರು, ನೋಡಿ ನಾಳೆ ತಿಳಿಸ್ತೀನಿ ಅಂದ್ರು. ನನ್ನ ಹತ್ರ ಫೋನಿಲ್ಲವಲ್ಲ, ನಿಮ್ಮ ನಂಬರ್ ಕೊಟ್ಟಿದ್ದೆ."

"ನಿನ್ನ ಹಲ್ಲಿಗೂ ಬ್ರಿಡ್ಜಿಗೂ ಏನೇ ಸಂಬಂಧ?"

"ಕಟ್ಟಿಸಿದ ಹಲ್ಲಿಗೆ ಅವರು ಬ್ರಿಡ್ಜು ಅಂತಲೇ ಅನ್ನೋದು. ಈ ಕಡೆ ಒಂದು ಹಲ್ಲು, ಆ ಕಡೆ ಒಂದು ಹಲ್ಲು, ಅದರ ಆಧಾರದ ಮೇಲೆ ಮಧ್ಯ ಇಲ್ಲದ ಹಲ್ಲು. ನೋಡಿ ಬೇಕಾದ್ರೆ." ಎಂದು ಬಾಯಿ ಅಗಲಿಸಿ ತೋರಿಸಿದಳು. ಮೇಸ್ತ್ರಿ ಬಗ್ಗಿ ನೋಡಿದರು. ಪೊಲೀಸಿನವನೂ ನೋಡಿದ. ಬಸ್ಸಿನ ಡ್ರೈವರು ಇಬ್ಬರ ನಡುವೆ ತಲೆ ತೂರಿಸಿ ನೋಡಿ, "ಆ ಕಡೆ ಲೋಡ್ ಬೇಡ ಅಂದ್ರೆ?" ಎಂದು ಕೇಳಿದ.

"ಎಡಗಡೆ ಅಗಿಬೇಡ ಅಂತ. ಇನ್ನೇನು, ನನ್ನ ಬಾಯಲ್ಲಿ ಲಾರಿ ಓಡುತ್ತಾ?"

ಆಮೇಲೆ ಎದ್ದ ನಗು ಆಚೆ ದಡಕ್ಕೂ ಕೇಳಿಸಿರಬೇಕು. ಪೊಲೀಸಿನವನು ಮಾತ್ರ ನಗಲಿಲ್ಲ. ಟೋಪಿ ತೆಗೆದು ಹಣೆ ಒರೆಸಿಕೊಂಡ. "ಮೇಲಿನವರಿಗೆ ಲಿಖಿತ ಮಾಹಿತಿ ಅಂತ ಬೇರೆ ಹೇಳಿಬಿಟ್ಟಿದ್ದೀನಿ. ಈಗ ಏನಂತ ಹೇಳಲಿ? ಅಮ್ಮಾವ್ರ ಹಲ್ಲು ಸರ್ ಅಂತ ಹೇಳಲಾ?" ಎಂದ. ಕೊನೆಗೆ ಹಾಗೆಯೇ ಹೇಳಿದ. ಫೋನಿನ ಆ ತುದಿಯಲ್ಲೂ ಯಾರೋ ಬಿದ್ದು ಬಿದ್ದು ನಗುವುದು ಕೇಳಿದಾಗ ಅವನ ಮುಖ ಸಡಿಲವಾಯಿತು. ಸೀಟಿ ಊದಿ ಗಾಡಿಗಳನ್ನು ಬಿಟ್ಟ. ಬಸ್ಸಿನ ಡ್ರೈವರು ಹೋಗುವಾಗ, "ಅಮ್ಮಾ, ಬಲಗಡೆ ಲೋಡ್ ಹಾಕಿ!" ಎಂದು ಕೂಗಿ ಹೋದ.

ಮೇಸ್ತ್ರಿಗೆ ನಗು ಬರಲಿಲ್ಲ. ರಸ್ತೆಯಂಚಿನ ಕಟ್ಟೆಯ ಮೇಲೆ ಕುಸಿದು ಕೂತರು. ಮೆಸೇಜು ಹಲ್ಲಿನದು, ಸರಿ. ಆದರೆ ಅವರು ಬಾಯಿಬಿಟ್ಟು ಹೇಳಿದ್ದು ಸುಳ್ಳಲ್ಲವಲ್ಲ. ಮಣ್ಣಿನೊಳಗೆ ಆ ಕೂಡಿಕೊಳ್ಳದ ಕಾಂಕ್ರೀಟು ಇನ್ನೂ ಹಾಗೇ ಇದೆ. ಹೆಂಡತಿ ಪಕ್ಕದಲ್ಲಿ ಕೂತು, ಅವರ ಕೈಯಿಂದ ಚೀಲ ಬಿಡಿಸಿಕೊಂಡು, ಮಡಚಿದಳು.

ಅಷ್ಟರಲ್ಲಿ ಒಂದು ಟ್ಯಾಕ್ಸಿ ಬಂದು ನಿಂತು, ಅದರಿಂದ ಮೊದಲು ಊರುಗೋಲು, ಹಿಂದೆಯೇ ಎಂಬತ್ತೆರಡರ ಗುಂಡುಸೂಜಿ ಸಾಹೇಬರು ಇಳಿದರು.

"ಎಲ್ಲಯ್ಯಾ ಬಿರುಕು? ಯಾವನು ಹೇಳಿದ್ದು ನಿನಗೆ?"

ಮೇಸ್ತ್ರಿ ಎದ್ದು ನಿಂತರು. ಹಲ್ಲಿನ ಕಥೆಯನ್ನು ಹೆಂಡತಿ ಹೇಳಿದಳು. ಸಾಹೇಬರು ಕೇಳಿ ಹೂಂ ಎಂದರು. ಮಿಕ್ಕದ್ದನ್ನು ಮೇಸ್ತ್ರಿಯೇ ಹೇಳಬೇಕಿತ್ತು, ಹೇಳಿದರು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಸುಲಭವೇನೂ ಆಗಿರಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದರು.

ಸಾಹೇಬರು ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದರು.

"ಅದು ನನಗೆ ಗೊತ್ತಿತ್ತು."

"ಸಾರ್?"

"ಕಾಂಕ್ರೀಟಿನ ಸುತ್ತ ಕಟ್ಟಿದ್ದ ಹಲಗೆ ಬಿಚ್ಚಿದ ದಿನವೇ ಗೊತ್ತಾಯ್ತು. ಪಾಯದ ಮೇಲೆ ಗೆರೆ ಎಳೆದ ಹಾಗೆ ಕಾಣ್ತಿತ್ತು. ಕುರುಡನಿಗೂ ತಿಳಿಯುತ್ತೆ. ಆಮೇಲೆ ನಿನ್ನನ್ನ ನಾಲ್ಕು ದಿನ ಜಲ್ಲಿ ನೋಡ್ಕೊಂಡು ಬಾ ಅಂತ ಕ್ವಾರಿಗೆ ಕಳಿಸಿದ್ದೆ, ನೆನಪಿದೆಯಾ?"

ಮೇಸ್ತ್ರಿಗೆ ನೆನಪಿತ್ತು. ಅದನ್ನು ಬಡ್ತಿ ಎಂದುಕೊಂಡು ಹೆಮ್ಮೆಯಿಂದ ಹೋಗಿದ್ದರು.

"ನೀನು ಬರೋದ್ರೊಳಗೆ ತೂತು ಕೊರೆಸಿ, ಎರಡು ಪದರಕ್ಕೂ ಸೇರಿಸಿ ಕಂಬಿ ಹಾಕಿಸಿ, ಸಿಮೆಂಟು ನೀರು ಒತ್ತಿ ತುಂಬಿಸಿದೆ. ರಿಜಿಸ್ಟರಲ್ಲಿ ನಿನ್ನ ಸುಳ್ಳಿನ ಕೆಳಗೇ ಕೆಂಪು ಇಂಕಲ್ಲಿ ಎಲ್ಲಾ ಬರೆದಿದ್ದೀನಿ. ಹೋದ ತಿಂಗಳು ಆ ಇಂಜಿನಿಯರಮ್ಮ ರಿಪೋರ್ಟು ತಂದು ತೋರಿಸಿದಳು. ಬಲಗಡೆಗಿಂತ ಎಡಗಡೆಯೇ ಗಟ್ಟಿ ಇದೆ. ಇನ್ನೂ ಐವತ್ತು ವರ್ಷಕ್ಕೆ ಯೋಚನೆಯಿಲ್ಲ."

ಮೇಸ್ತ್ರಿಗೆ ಬಂದದ್ದು ಸಿಟ್ಟು.

"ಮೂವತ್ತೊಂದು ವರ್ಷ, ಸಾರ್! ಪ್ರತಿ ಸಲ ನದಿ ತುಂಬಿದಾಗ ನಾನು ಅನ್ನ ಬಿಟ್ಟಿದ್ದೀನಿ. ಒಂದು ಮಾತು ಹೇಳಬಾರದಿತ್ತಾ?"

"ನೀನು ಹೇಳಬಾರದಿತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಸಾಹೇಬರೇ ಮೊದಲು ಕಣ್ಣು ಬೇರೆ ಕಡೆ ತಿರುಗಿಸಿದರು.

"ನೀನಾಗಿ ಬಂದು ಹೇಳ್ತೀಯ ಅಂತ ಕಾದೆ. ಒಂದು ತಿಂಗಳು ಕಾದೆ. ಅಷ್ಟರಲ್ಲಿ ನೋಡಿದ್ರೆ, ನೀನು ಮಿಕ್ಸರ್ ಪಕ್ಕ ಎರಡೆರಡು ಕ್ಯಾನ್ ಡೀಸೆಲ್ ಇಟ್ಕೊಂಡು ಕಾವಲು ಕೂತಿರ್ತಿದ್ದೆ. ಇಂಥವನು ಇನ್ನೊಂದು ಸಲ ತಪ್ಪೋದಿಲ್ಲ ಅನ್ನಿಸ್ತು. ಆಮೇಲೆ ನನಗೆ ಮರೆತೇಹೋಯ್ತಯ್ಯ. ನೀನು ಇಷ್ಟು ವರ್ಷ ಹೊತ್ಕೊಂಡು ತಿರುಗ್ತಿದ್ದೀಯ ಅಂತ ನನಗೇನು ಗೊತ್ತು? ಗೊತ್ತಿದ್ರೆ ಹೇಳ್ತಿದ್ದೆ. ನನ್ನದೂ ತಪ್ಪೇ."

ಗುಂಡುಸೂಜಿ ಸಾಹೇಬರು ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ಆ ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ. ಮೇಸ್ತ್ರಿಗೆ ಏನು ಮಾಡಬೇಕೆಂದು ತಿಳಿಯದೆ ಅಳು ಬಂತು, ಅಳುವಿನ ಮಧ್ಯೆ ನಗುವೂ ಬಂತು. ಹೆಂಡತಿ ಕೆನ್ನೆಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನೇ ಕೊಟ್ಟಳು. ಮೂವರೂ ಟ್ಯಾಕ್ಸಿಯಲ್ಲಿ ಊರಿಗೆ ಹಿಂತಿರುಗಿದರು. ಮೇಸ್ತ್ರಿ ಆ ಮಧ್ಯಾಹ್ನ ಊಟ ಮಾಡಿ ಮಲಗಿದವರು ಸಂಜೆ ಆರಕ್ಕೆ ಎದ್ದರು. ಅಷ್ಟು ಹೊತ್ತೂ ಮಗ್ಗುಲು ಬದಲಿಸಲಿಲ್ಲವೆಂದು ಹೆಂಡತಿ ಆಮೇಲೆ ಹೇಳಿದಳು.

ಸೋಮವಾರ ಹತ್ತಕ್ಕೆ ಅವಳೊಂದಿಗೆ ಅವರೂ ಕ್ಲಿನಿಕ್ಕಿಗೆ ಹೋದರು. ಹೊರಗೆ ಕೂತಿರಿ ಎಂದರೆ ಒಪ್ಪಲಿಲ್ಲ. ಡಾಕ್ಟರಮ್ಮ ಬೆಳಕಿನ ಹಲಗೆಯ ಮೇಲೆ ಎಕ್ಸ್‌ರೇ ಇಟ್ಟು ತೋರಿಸಿದಾಗ ಮೇಸ್ತ್ರಿ ಕನ್ನಡಕ ಏರಿಸಿ ಮುಂದೆ ಬಾಗಿದರು. ಎರಡು ಕಡೆ ಎರಡು ಕಂಬ, ನಡುವೆ ಒಂದು ಕಣ್ಣು, ಮೇಲೆ ಹಾಸು. ಅವರು ಕಟ್ಟಿಸಿದ್ದೆಲ್ಲ ಅಲ್ಲಿ ಬೆರಳ ತುದಿಯಷ್ಟಾಗಿ ಕೂತಿತ್ತು.

"ಈ ಕಂಬಕ್ಕೆ ಮೇಲೆ ಏನು ಹಾಕಿದ್ದೀರಮ್ಮ?"

"ಅದಕ್ಕೆ ಕ್ರೌನ್ ಅಂತೀವಿ."

"ನಮ್ಮಲ್ಲಿ ರಸ್ತೆ ಮಧ್ಯ ಉಬ್ಬಿರುತ್ತಲ್ಲ, ಅದಕ್ಕೆ ಕ್ರೌನ್ ಅಂತೀವಿ."

"ರಾಜನ ತಲೆ ಮೇಲೆ ಇರೋದೂ ಅದೇ," ಎಂದರು ಡಾಕ್ಟರಮ್ಮ. "ಮೇಲೆ ಕೂರೋದಕ್ಕೆಲ್ಲ ಒಂದೇ ಹೆಸರು. ಈ ಇಂಗ್ಲಿಷಿನವರಿಗೆ ಹೊಸ ಪದ ಹುಡುಕೋಕೆ ಸೋಮಾರಿತನ."

"ನಾವೇನು ಕಮ್ಮಿ?" ಎಂದಳು ಹೆಂಡತಿ ಕುರ್ಚಿಯಲ್ಲಿ ಒರಗಿಕೊಂಡೇ. "ಬಾಚಣಿಗೆಗೂ ಹಲ್ಲು, ಗರಗಸಕ್ಕೂ ಹಲ್ಲು. ಇವರ ಸೇತುವೆಗೆ ಐದು ಕಣ್ಣು. ಕಣ್ಣಿನ ಡಾಕ್ಟರಿಗೆ ಇವರು ಫೋನು ಮಾಡಲಿಲ್ಲ, ಪುಣ್ಯ."

ಡಾಕ್ಟರಮ್ಮ ಶನಿವಾರದ ಕಥೆ ಕೇಳಿ ಕೈಯಲ್ಲಿದ್ದ ಉಪಕರಣ ಕೆಳಗಿಟ್ಟು ನಕ್ಕರು. ಆಮೇಲೆ ಬ್ರಿಡ್ಜನ್ನು ಬಿಡಿಸಿ, ತೊಳೆದು, ಕೆಳಗಿನ ಹಲ್ಲನ್ನು ಬಹಳ ಹೊತ್ತು ಪರೀಕ್ಷಿಸಿದರು. ಮೇಸ್ತ್ರಿ ಅಷ್ಟು ಹೊತ್ತೂ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಬಿರುಕು ಬಿಟ್ಟದ್ದು ಹಲ್ಲಲ್ಲ, ಹಳೆಯ ಸಿಮೆಂಟು ಮಾತ್ರ. ಹಲ್ಲು ಕೀಳುವುದು ಬೇಡ, ಹೊಸದು ಮಾಡಿಸುವುದೂ ಬೇಡ; ಅದನ್ನೇ ಮತ್ತೆ ಕೂರಿಸಿದರೆ ಸಾಕು.

"ಎಷ್ಟು ದಿನ ಕ್ಯೂರಿಂಗು?" ಎಂದು ಕೇಳಿದರು ಮೇಸ್ತ್ರಿ.

"ಒಂದು ಗಂಟೆ ಏನೂ ತಿನ್ನೋ ಹಾಗಿಲ್ಲ. ಅಷ್ಟೇ."

"ಒಂದೇ ಗಂಟೆ!" ಎಂದು ಮೇಸ್ತ್ರಿ ತಲೆದೂಗಿದರು. "ನಮಗೆ ಇಪ್ಪತ್ತೆಂಟು ದಿನ ನೀರು ಹಾಕಬೇಕಿತ್ತು."

ಹೊರಗೆ ಬಂದು ಇಬ್ಬರೂ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತರು. ಹೆಂಡತಿ ನಾಲಗೆಯಿಂದ ಎಡಗಡೆಯ ಹಲ್ಲನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. ನೋವಿರಲಿಲ್ಲ. ಅವರ ಬಸ್ಸು ಬಂದು ನಿಂತಿತು. ಏಳೋಣವೇ ಎಂಬಂತೆ ಅವಳು ನೋಡಿದಳು. ಮೇಸ್ತ್ರಿ ಕಾಲು ಚಾಚಿಕೊಂಡು ಹಾಯಾಗಿ ಕೂತಿದ್ದರು.

"ಇರಲಿ ಬಿಡು, ಮುಂದಿನದಕ್ಕೆ ಹೋಗೋಣ," ಎಂದರು.

ಮುಂದಿನದೂ ಹೋಯಿತು.